ನಗರವ್ಯಾಪಿ ಸಂಚಾರ ಅಧ್ಯಯನ: ಯೋಜನೆ ಮತ್ತು ಹಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಡೀ ಊರಿನ ಟ್ರಾಫಿಕ್ ಸ್ಟಡಿ ಮಾಡಿಸೋಣ ಎಂದು ಹೊರಟವರು ಮೊದಲು ಕೇಳುವುದು "ಎಷ್ಟು ಖರ್ಚಾಗುತ್ತದೆ?" ಎಂದು. ಆ ಪ್ರಶ್ನೆಯನ್ನು ಇಲ್ಲಿ ಬೇಕೆಂದೇ ಅರ್ಧ ದಾಟಿದ ಮೇಲೆ ಇಟ್ಟಿದ್ದೇನೆ. ಅದಕ್ಕೆ ಮುಂಚಿನವಕ್ಕೆ ಉತ್ತರ ಇಲ್ಲದೆ ಹಾಕಿದ ಲೆಕ್ಕ ಬರೀ ಅಂದಾಜು. ಟೆಂಡರಿನಲ್ಲಿ ಅದೇ ಅಂದಾಜು ಕೊರಳಿಗೆ ಸುತ್ತಿಕೊಳ್ಳುತ್ತದೆ.

ಒಂದು ಜಂಕ್ಷನ್ನಿನ ಸರ್ವೆಗೂ ನಗರವ್ಯಾಪಿ ಅಧ್ಯಯನಕ್ಕೂ ಏನು ವ್ಯತ್ಯಾಸ?

ಜಂಕ್ಷನ್ನಿನಲ್ಲಿ ನಿಂತು ನೋಡಿದರೆ ಎಷ್ಟು ಗಾಡಿ ಬಂತು, ಎಷ್ಟು ಹೊತ್ತು ಕಾಯಿತು, ಯಾವ ಕಡೆ ತಿರುಗಿತು ಎಂಬುದು ಗೊತ್ತಾಗುತ್ತದೆ. ಆ ಗಾಡಿ ಎಲ್ಲಿಂದ ಹೊರಟಿತ್ತು, ಎಲ್ಲಿಗೆ ಹೋಗಬೇಕಿತ್ತು, ಬೇರೆ ದಾರಿ ಬಿಟ್ಟು ಇದನ್ನೇ ಯಾಕೆ ಹಿಡಿಯಿತು ಎಂಬುದು ಗೊತ್ತಾಗುವುದಿಲ್ಲ. ನಗರವ್ಯಾಪಿ ಅಧ್ಯಯನ ಹುಡುಕುವುದು ಇದನ್ನೇ. ಒಂದು ರಸ್ತೆಯನ್ನು ಒನ್‌ವೇ ಮಾಡಿದರೆ ಅಲ್ಲಿದ್ದ ಗಾಡಿಗಳೆಲ್ಲ ಆವಿಯಾಗಿ ಹೋಗುವುದಿಲ್ಲ. ಬಹುಪಾಲು ಪಕ್ಕದ ಬೀದಿಗೆ ನುಗ್ಗುತ್ತವೆ, ಕೆಲವರು ಹೊತ್ತು ಬದಲಿಸುತ್ತಾರೆ, ಕೆಲವರು ಆ ಪ್ರಯಾಣವನ್ನೇ ಕೈಬಿಡುತ್ತಾರೆ. ಈ ಮೂರರ ಪ್ರಮಾಣ ಎಷ್ಟು ಎಂದು ಹೇಳಬೇಕಾದರೆ ಇಡೀ ಜಾಲವನ್ನು ಒಟ್ಟಿಗೆ ನೋಡಬೇಕು.

ಇದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು 1950ರ ದಶಕದಲ್ಲಿ, ಅಮೆರಿಕದ ಡೆಟ್ರಾಯಿಟ್ ಮತ್ತು ಶಿಕಾಗೋ ನಗರಗಳಲ್ಲಿ. ಮನೆಮನೆಗೆ ಹೋಗಿ ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ, ಉತ್ತರಗಳನ್ನು ಯಂತ್ರಕ್ಕೆ ಊಡಿಸಿ, ಊರಿನ ಚಲನವಲನದ ನಕ್ಷೆ ತೆಗೆದರು. ಊರಿನ ಸಂಚಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಇವತ್ತಿನ ಮಾಡೆಲ್‌ಗಳ ಮುತ್ತಜ್ಜ ಅದೇ.

ನಮ್ಮ ಊರಿಗೆ ಅದು ಬೇಕೇ ಬೇಕಾ?

ಬೇಡದಿರಬಹುದು. ತೊಂದರೆ ಇರುವುದು ನಾಲ್ಕೈದು ಸಿಗ್ನಲ್‌ಗಳಲ್ಲಿ ಮಾತ್ರವಾದರೆ ಸಿಗ್ನಲ್ ಟೈಮಿಂಗ್ ಸರಿಮಾಡಿಸಿ, ವಾರಗಳ ಕೆಲಸ. ಸಿಗ್ನಲ್ ಸೈಕಲ್, ಅಂದರೆ ಕೆಂಪು-ಹಸಿರಿನ ಒಂದು ಪೂರ್ತಿ ಸುತ್ತು, ಎಷ್ಟು ಸೆಕೆಂಡು ಇರಬೇಕು ಎಂದು ಲೆಕ್ಕ ಹಾಕುವ ವೆಬ್‌ಸ್ಟರ್ ಸೂತ್ರ 1958ರಿಂದ ಇದೆ, ಅದಕ್ಕೆ ನಗರವ್ಯಾಪಿ ಅಧ್ಯಯನದ ಹಂಗಿಲ್ಲ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿದೆ ಎನ್ನುವಂತಿದ್ದರೆ, ಅಥವಾ ಒನ್‌ವೇ ಜಾಲ, ಬಸ್ ಮಾರ್ಗ, ಪಾರ್ಕಿಂಗ್, ಲಾರಿ ನಿರ್ಬಂಧಗಳ ಬಗ್ಗೆ ಒಟ್ಟಿಗೆ ತೀರ್ಮಾನ ಮಾಡಬೇಕಾಗಿ ಬಂದರೆ, ಆಗ ಬೇಕು.

ಮೊದಲ ಹೆಜ್ಜೆ ಯಾವುದು?

ಒಂದು ಹಾಳೆ ತೆಗೆದುಕೊಂಡು, ಈ ಅಧ್ಯಯನ ಮುಗಿದ ಮೇಲೆ ಯಾವ ಯಾವ ತೀರ್ಮಾನ ಮಾಡಬೇಕಾಗಿದೆ ಎಂದು ಬರೆಯುವುದು. "ಸಂಚಾರ ದಟ್ಟಣೆ ಕಡಿಮೆ ಮಾಡುವುದು" ಎಂದು ಬರೆದರೆ ಅದು ತೀರ್ಮಾನವಲ್ಲ, ಹಾರೈಕೆ. "ಮಾರುಕಟ್ಟೆಯ ಸುತ್ತಲಿನ ನಾಲ್ಕು ರಸ್ತೆಗಳನ್ನು ಒನ್‌ವೇ ಮಾಡಬೇಕೋ ಬೇಡವೋ", "ಹೊರಗಿನ ಲಾರಿಗಳನ್ನು ಹಗಲು ಒಳಗೆ ಬಿಡಬೇಕೋ ಬೇಡವೋ", "ಬಸ್ಸಿಗೆ ಪ್ರತ್ಯೇಕ ಲೇನ್ ಯಾವ ರಸ್ತೆಯಲ್ಲಿ" ಎಂದು ಬರೆದರೆ ಅದು ತೀರ್ಮಾನ. ಅಂಥವು ಎಂಟೋ ಹತ್ತೋ ಇದ್ದರೆ ಸಾಕು. ಯಾವ ಸರ್ವೆ ಬೇಕು, ಮಾಡೆಲ್ ಎಷ್ಟು ಸೂಕ್ಷ್ಮವಾಗಿರಬೇಕು, ಎಷ್ಟು ಹಣ ಬೇಕು ಎಂಬುದೆಲ್ಲ ಈ ಹಾಳೆಯಿಂದಲೇ ಇಳಿದು ಬರುತ್ತದೆ.

ಈ ಹಾಳೆ ಇಲ್ಲದೆ ಕನ್ಸಲ್ಟೆಂಟ್‌ರನ್ನು ಕರೆದರೆ ಅವರು ಬೇರೆ ಊರಿಗೆ ಬರೆದ ಕಾರ್ಯವ್ಯಾಪ್ತಿಯನ್ನೇ ಹೆಸರು ಬದಲಿಸಿ ತರುತ್ತಾರೆ. ಹಾಗೆ ಬಂದ ಒಂದು ಕರಡಿನಲ್ಲಿ ನಾನು ರೈಲು ನಿಲ್ದಾಣದ ಪಾರ್ಕಿಂಗ್ ಸರ್ವೆ ನೋಡಿದ್ದೆ. ಆ ಊರಿಗೆ ರೈಲೇ ಇರಲಿಲ್ಲ.

ಇದನ್ನು ಯಾರು ನಡೆಸಬೇಕು? ನಗರಾಡಳಿತವೋ, ಪೊಲೀಸರೋ, ರಸ್ತೆ ಇಲಾಖೆಯೋ?

ಎಲ್ಲರೂ ಕೂತ ಒಂದು ಸಮಿತಿ ಇರಲಿ, ಆದರೆ ಸಹಿ ಹಾಕುವ ಕೈ ಒಂದೇ ಇರಲಿ. ಬಸ್ ಸಂಸ್ಥೆಯನ್ನು ಮರೆಯಬೇಡಿ, ಮರೆಯುವುದೇ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕಡೆಯಿಂದ ದಿನವಿಡೀ ಇದೇ ಕೆಲಸ ನೋಡಿಕೊಳ್ಳುವ ಒಬ್ಬ ಎಂಜಿನಿಯರ್ ಬೇಕು. ಬೇರೆ ಹತ್ತು ಫೈಲುಗಳ ನಡುವೆ ಇದನ್ನೂ ನೋಡಿಕೊಳ್ಳಿ ಎಂದರೆ ಕನ್ಸಲ್ಟೆಂಟ್ ಹೇಳಿದ್ದೇ ವೇದವಾಗುತ್ತದೆ.

ಅಧ್ಯಯನದ ಗಡಿ ಎಲ್ಲಿ ಎಳೆಯಬೇಕು?

ಆಡಳಿತದ ಗಡಿಯಲ್ಲಿ ಅಲ್ಲ. ಬೆಳಿಗ್ಗೆ ಊರೊಳಗೆ ಕೆಲಸಕ್ಕೆ ಬರುವವರು ಎಲ್ಲಿಂದ ಬರುತ್ತಾರೋ ಅಲ್ಲಿಯವರೆಗೆ. ಆ ಗೆರೆಗೆ ಕಾರ್ಡನ್ ಲೈನ್ ಎನ್ನುತ್ತಾರೆ. ಅದನ್ನು ದಾಟುವ ಪ್ರತಿ ಮುಖ್ಯ ರಸ್ತೆಯಲ್ಲೂ ಎಣಿಕೆ ನಡೆಯಬೇಕು. ಒಳಗೆ ನದಿಯೋ ರೈಲು ಹಳಿಯೋ ಇದ್ದರೆ ಅದು ದೇವರು ಕೊಟ್ಟ ಸ್ಕ್ರೀನ್ ಲೈನ್: ದಾಟುವ ಜಾಗಗಳು ಬೆರಳೆಣಿಕೆಯಷ್ಟು, ಅಲ್ಲೆಲ್ಲ ಎಣಿಸಿದರೆ ಆಚೆಯಿಂದ ಈಚೆಗೆ ಒಟ್ಟು ಎಷ್ಟು ಹರಿವು ಎಂದು ಸಿಕ್ಕಿಬಿಡುತ್ತದೆ. ಮುಂದೆ ಮಾಡೆಲ್ ಸುಳ್ಳು ಹೇಳಿದರೆ ಹಿಡಿಯಲು ಇದೇ ಸಾಕ್ಷಿ.

ಯಾವ ಯಾವ ಸರ್ವೆ ಮಾಡಿಸಬೇಕು?

ಗಾಡಿ ಎಣಿಕೆ ಎರಡು ಬಗೆ. ರಸ್ತೆಯ ಮಧ್ಯದಲ್ಲಿ ಎರಡೂ ದಿಕ್ಕಿನ ಎಣಿಕೆ, ಜಂಕ್ಷನ್ನಿನಲ್ಲಿ ತಿರುವುಗಳ ಎಣಿಕೆ. ಎರಡರಲ್ಲೂ ಗಾಡಿಯ ಜಾತಿ ಬೇರೆ ಬೇರೆ ಬರೆಯಬೇಕು. ಬಸ್ಸು, ಲಾರಿ, ಕಾರು, ಬೈಕು ರಸ್ತೆಯನ್ನು ಒಂದೇ ಥರ ಆಕ್ರಮಿಸುವುದಿಲ್ಲ. ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತಂದು ಪಿಸಿಯು ಎನ್ನುತ್ತಾರೆ. ಕಾಲ್ನಡಿಗೆಯವರನ್ನೂ ಸೈಕಲ್ಲನ್ನೂ ಎಣಿಸಿ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಎಣಿಸುವುದಿಲ್ಲ. ಎಣಿಸದವರು ವರದಿಯಲ್ಲಿ ಇರುವುದಿಲ್ಲ, ವರದಿಯಲ್ಲಿ ಇಲ್ಲದವರಿಗೆ ಫುಟ್‌ಪಾತ್ ಬರುವುದಿಲ್ಲ.

ಎರಡನೆಯದು ಓ-ಡಿ ಸರ್ವೆ: ಎಲ್ಲಿಂದ ಎಲ್ಲಿಗೆ. ಮನೆಮನೆ ಸಂದರ್ಶನ, ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ ಕೇಳುವುದು, ಬಸ್ಸಿನೊಳಗೆ ಕೇಳುವುದು. ಮೂರನೆಯದು ಪ್ರಯಾಣದ ವೇಳೆ: ಹರಿವಿನ ಜೊತೆಗೇ ಒಂದು ಕಾರು ಓಡಿಸಿ, ಎಲ್ಲಿ ಎಷ್ಟು ನಿಂತೆವು ಎಂದು ಬರೆದುಕೊಳ್ಳುವುದು. ಈಗ ಜಿಪಿಎಸ್ ಈ ಕೆಲಸವನ್ನು ಸಲೀಸು ಮಾಡಿದೆ. ಇನ್ನು ಪಾರ್ಕಿಂಗ್: ಬೀದಿಬದಿಯಲ್ಲಿ ಯಾವ ಗಾಡಿ ಎಷ್ಟು ಹೊತ್ತು ನಿಂತಿದೆ ಎಂದು ಅರ್ಧ ಗಂಟೆಗೊಮ್ಮೆ ನಂಬರ್ ಪ್ಲೇಟ್ ಬರೆಯುತ್ತ ನಡೆಯುವುದು. ಬೇಜಾರಿನ ಕೆಲಸ, ಆದರೆ ಅಂಗಡಿ ಮುಂದೆ ದಿನವಿಡೀ ನಿಲ್ಲುವ ಗಾಡಿ ಗಿರಾಕಿಯದೋ ಮಾಲೀಕನದೋ ಎಂಬ ಹಳೇ ಜಗಳಕ್ಕೆ ಉತ್ತರ ಸಿಗುವುದು ಅಲ್ಲೇ.

ಯಾವ ದಿನ, ಯಾವ ಹೊತ್ತು ಎಣಿಸಬೇಕು?

ಶಾಲೆಗಳು ನಡೆಯುತ್ತಿರುವ, ಹಬ್ಬ ರಜೆ ಇಲ್ಲದ, ಭಾರೀ ಮಳೆಯಿಲ್ಲದ ವಾರದ ನಡುವಿನ ದಿನ. ರಜೆಯಲ್ಲಿ ಎಣಿಸಿದರೆ ಬೆಳಗಿನ ಪೀಕ್ ಅವರ್ ಅರ್ಧ ಮಾಯವಾಗಿರುತ್ತದೆ. ಊರಿಗೆ ಸಂತೆಯ ದಿನ ಬೇರೆ ಸ್ವಭಾವ ಇದ್ದರೆ ಆ ದಿನ ಪ್ರತ್ಯೇಕವಾಗಿ ಎಣಿಸಿ.

ಎಣಿಕೆಯನ್ನು ಹದಿನೈದು ನಿಮಿಷದ ತುಂಡುಗಳಲ್ಲೇ ಮಾಡಿಸಿ, ಗಂಟೆಯ ಮೊತ್ತ ಮಾತ್ರ ಸಾಲದು. ಒಂದು ಉದಾಹರಣೆ: ಎಂಟೂವರೆಯಿಂದ ಒಂಬತ್ತೂವರೆಯವರೆಗೆ ನಾಲ್ಕು ತುಂಡುಗಳಲ್ಲಿ 420, 510, 640, 430 ಗಾಡಿಗಳು ಬಂದವು ಅಂದುಕೊಳ್ಳಿ. ಗಂಟೆಗೆ 2000. ಆದರೆ ಒಂಬತ್ತರಿಂದ ಒಂಬತ್ತೂಕಾಲರವರೆಗೆ ರಸ್ತೆಯ ಮೇಲೆ ಬಿದ್ದ ಒತ್ತಡ ಗಂಟೆಗೆ 2560ರ ದರದ್ದು. 2000ವನ್ನು 2560ರಿಂದ ಭಾಗಿಸಿದರೆ 0.78, ಇದಕ್ಕೆ ಪೀಕ್ ಅವರ್ ಫ್ಯಾಕ್ಟರ್ ಎನ್ನುತ್ತಾರೆ. ಇದು 1ಕ್ಕೆ ಹತ್ತಿರವಿದ್ದರೆ ಹರಿವು ಇಡೀ ಗಂಟೆ ಸಮನಾಗಿದೆ ಎಂದರ್ಥ. ಹೀಗೆ ಕೆಳಗಿದ್ದರೆ ಎಲ್ಲೋ ಒಂದು ಗಂಟೆ ಬಾರಿಸುತ್ತಿದೆ, ಶಾಲೆಯದೋ ಕಾರ್ಖಾನೆಯದೋ. ಅಂಥ ಕಡೆ ರಸ್ತೆ ಅಗಲ ಮಾಡುವುದಕ್ಕಿಂತ ಆ ಗಂಟೆಯನ್ನು ಇಪ್ಪತ್ತು ನಿಮಿಷ ಸರಿಸುವುದು ಅಗ್ಗ.

ಎಣಿಕೆ ನಿಜವಾಗಿ ನಡೆದಿದೆ ಎಂದು ತಿಳಿಯುವುದು ಹೇಗೆ?

ಹಾಳೆಗಳನ್ನೇ ನೋಡಿ, ಎಕ್ಸೆಲ್ ಅಲ್ಲ. ನನ್ನ ಕೈಗೆ ಒಮ್ಮೆ ಬಂದ ಹಾಳೆಯಲ್ಲಿ ಬೆಳಗಿನ ಭಾಗ ಚೆನ್ನಾಗಿತ್ತು: ನಾಲ್ಕು ಗೆರೆ, ಮೇಲೊಂದು ಅಡ್ಡಗೆರೆ, ಅವಸರದ ಕೈ, ಒಂದು ಮೂಲೆಯಲ್ಲಿ ಚಹಾದ ಕಲೆ. ಮಧ್ಯಾಹ್ನ ಎರಡರ ನಂತರ ಗೆರೆಗಳೇ ಇಲ್ಲ, ಅಂಕಿ ಮಾತ್ರ. ಬೈಕು 40, 45, 40, 45, 40, 45. ಇಂಕು ಒಂದೇ, ಓರೆ ಒಂದೇ, ಒಂದೇ ಉಸಿರಿನಲ್ಲಿ ಬರೆದದ್ದು. ಆ ಹುಡುಗನನ್ನು ನಾನು ಬೈಯಲಿಲ್ಲ. ಬಿಸಿಲಲ್ಲಿ ಹನ್ನೆರಡು ಗಂಟೆ ಒಬ್ಬನನ್ನೇ ಕೂರಿಸಿದವರದು ತಪ್ಪು.

ಹಾಗಾಗಿ ಮೂರು ಷರತ್ತು ಹಾಕಿ. ಪಾಳಿ ಆರು ಗಂಟೆಗಿಂತ ಹೆಚ್ಚಿರಬಾರದು. ಕೆಲವು ಜಾಗಗಳಲ್ಲಿ ವಿಡಿಯೋ ಇರಬೇಕು. ಅದರಿಂದ ನೀವು ಆರಿಸಿದ ತುಂಡುಗಳನ್ನು ನಿಮ್ಮ ಕಡೆಯವರು ಮತ್ತೆ ಎಣಿಸಬೇಕು. ಮೂಲ ಹಾಳೆ ಮತ್ತು ಕಚ್ಚಾ ಫೈಲುಗಳು ನಗರದ ಸ್ವತ್ತಾಗಬೇಕು, ಇಲ್ಲದಿದ್ದರೆ ಐದು ವರ್ಷದ ನಂತರ ಅದೇ ಅಂಕಿಗಳನ್ನು ಇನ್ನೊಮ್ಮೆ ದುಡ್ಡು ಕೊಟ್ಟು ಕೊಳ್ಳುತ್ತೀರಿ.

ಮೊಬೈಲ್ ಡೇಟಾ ಇದೆಯಲ್ಲ, ಬೀದಿಯಲ್ಲಿ ಜನರನ್ನು ಕೂರಿಸುವುದು ಯಾಕೆ?

ಮೊಬೈಲ್ ಡೇಟಾ ವೇಗವನ್ನು ಚೆನ್ನಾಗಿ ಹೇಳುತ್ತದೆ, ಸಂಖ್ಯೆಯನ್ನು ಅಲ್ಲ. ನೂರು ಫೋನು ಹೋದವು ಎಂದರೆ ಒಂದು ತುಂಬಿದ ಬಸ್ಸೋ ಎಂಬತ್ತು ಕಾರೋ? ಎಲ್ಲರ ಫೋನೂ ಒಂದೇ ಕಂಪನಿಯದಲ್ಲ. ಸಣ್ಣ ಮಕ್ಕಳ, ಮುದುಕರ ಪ್ರಯಾಣ ಅದರಲ್ಲಿ ಸರಿಯಾಗಿ ಬೀಳುವುದಿಲ್ಲ. ಓ-ಡಿ ಚಿತ್ರದ ಸ್ಥೂಲ ರೂಪಕ್ಕೆ, ತಿಂಗಳು ತಿಂಗಳ ಏರಿಳಿತಕ್ಕೆ ಅದನ್ನು ಕೊಳ್ಳಿ. ನೆಲದ ಮೇಲಿನ ಎಣಿಕೆಯಿಂದ ಅದನ್ನು ತಿದ್ದಿಕೊಳ್ಳಿ.

ಮಾಡೆಲ್ ಅಂದರೇನು? ಅದನ್ನು ಎಷ್ಟು ನಂಬಬಹುದು?

ಹಳೆಯ, ಈಗಲೂ ನಡೆಯುವ ಕ್ರಮ ನಾಲ್ಕು ಹಂತದ್ದು: ಊರನ್ನು ವಲಯಗಳಾಗಿ ತುಂಡು ಮಾಡಿ, ಪ್ರತಿ ವಲಯದಿಂದ ಎಷ್ಟು ಪ್ರಯಾಣ ಹುಟ್ಟುತ್ತದೆ, ಅವು ಎಲ್ಲಿಗೆ ಹೋಗುತ್ತವೆ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ. ಕೊನೆಯ ಹಂತದ ಹಿಂದಿರುವ ತತ್ವವನ್ನು ವಾರ್ಡ್ರಪ್ ಎಂಬ ಸಂಚಾರ ತಜ್ಞ 1952ರಲ್ಲಿ ಹೇಳಿದ: ಎಲ್ಲರೂ ತಮತಮಗೆ ಬೇಗ ಆಗುವ ದಾರಿ ಹುಡುಕುತ್ತ ಹೋದರೆ, ಕೊನೆಗೆ ಜನ ಬಳಸುವ ದಾರಿಗಳೆಲ್ಲ ಸಮಾನ ಹೊತ್ತು ತಗಲುವಂತಾಗುತ್ತವೆ.

ನಂಬುವ ಮೊದಲು ಜಿಇಎಚ್ ಅಂಕಿ ಕೇಳಿ. ಮಾಡೆಲ್ ಹೇಳಿದ ಹರಿವಿಗೂ ಎಣಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಎರಡರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಎಣಿಸಿದ್ದು 1000, ಮಾಡೆಲ್ ಹೇಳಿದ್ದು 1100 ಆದರೆ ಜಿಇಎಚ್ ಸುಮಾರು 3.1. ಎಣಿಸಿದ್ದು 100, ಮಾಡೆಲ್ ಹೇಳಿದ್ದು 160 ಆದರೆ ಸುಮಾರು 5.3. ನೂರು ಗಾಡಿಯ ತಪ್ಪು ಪಾಸು, ಅರವತ್ತರದ್ದು ಫೇಲು; ದೊಡ್ಡ ರಸ್ತೆಯಲ್ಲಿ ನೂರು ಏನೂ ಅಲ್ಲ, ಸಣ್ಣ ಬೀದಿಯಲ್ಲಿ ಅರವತ್ತು ಬಹಳ. ಎಣಿಸಿದ ಜಾಗಗಳಲ್ಲಿ ಶೇ. 85ರಷ್ಟಾದರೂ 5ಕ್ಕಿಂತ ಕೆಳಗಿರಬೇಕು ಎಂಬುದು ಬಳಕೆಯಲ್ಲಿರುವ ಅಳತೆ. ಮಾಡೆಲ್ ಕಟ್ಟಲು ಬಳಸದೆ ಪಕ್ಕಕ್ಕಿಟ್ಟ ಎಣಿಕೆಗಳ ಮೇಲೆ ಪರೀಕ್ಷೆ ಮಾಡಿಸಿ. ಉತ್ತರ ಪತ್ರಿಕೆ ಕೊಟ್ಟು ಪರೀಕ್ಷೆ ಬರೆಸಿದರೆ ಯಾರು ಬೇಕಾದರೂ ರ್‍ಯಾಂಕು ಬರುತ್ತಾರೆ.

ಈಗ ಹೇಳಿ, ಎಷ್ಟು ಖರ್ಚಾಗುತ್ತದೆ?

ಕೆಳಗಿನಿಂದ ಮೇಲಕ್ಕೆ ಕೂಡಿ. 60 ಜಂಕ್ಷನ್, ತಲಾ 4 ತೋಳು, ತೋಳಿಗೆ 2 ಜನ, 2 ಪಾಳಿ: ಒಂದೇ ದಿನದ ಎಣಿಕೆಗೆ 960 ಆಳುಪಾಳಿ. ಅದಕ್ಕೆ ಮೇಲ್ವಿಚಾರಕರು, ತರಬೇತಿ, ಊಟ, ಸಾಗಾಟ, ಅಂಕಿ ತುಂಬುವುದು ಸೇರಿಸಿ. ಅದೇ ಕೆಲಸವನ್ನು ಕ್ಯಾಮೆರಾದಿಂದ ಮಾಡಿಸಿದರೆ ಎಷ್ಟು ಎಂದು ಪಕ್ಕದಲ್ಲಿ ಬರೆದು ಹೋಲಿಸಿ. ಮನೆಮನೆ ಸಂದರ್ಶನ ಸಾಮಾನ್ಯವಾಗಿ ಬಹಳ ದುಬಾರಿ ಬಾಬತ್ತು, ಮತ್ತು ಅಲ್ಲೊಂದು ಕಹಿ ಗಣಿತ ಇದೆ: ಸ್ಯಾಂಪಲ್ ತಪ್ಪನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮನೆಗಳಿಗೆ ಹೋಗಬೇಕು. ಹಾಗಾಗಿ "ಇನ್ನೂ ಸ್ವಲ್ಪ ನಿಖರ ಇರಲಿ" ಎಂಬ ಮಾತು ಸಭೆಯಲ್ಲಿ ಸಲೀಸು, ಬಿಲ್ಲಿನಲ್ಲಿ ಅಲ್ಲ.

ಇದರ ಮೇಲೆ ಮಾಡೆಲ್, ಸಾಫ್ಟ್‌ವೇರ್ ಲೈಸೆನ್ಸ್, ಸಾರ್ವಜನಿಕ ಸಭೆಗಳು, ನಿಮ್ಮದೇ ಎಂಜಿನಿಯರನ ಸಂಬಳ, ಮತ್ತು ಮಳೆ ಬಂದು ಮತ್ತೆ ಎಣಿಸಬೇಕಾದರೆ ಎಂದು ಒಂದು ಮೀಸಲು.

ಹಣ ಎಲ್ಲಿಂದ ತರುವುದು?

ತೊಡಕು ಇಲ್ಲೇ. ಹಣ ಕೊಡುವವರಿಗೆ ಕಾಂಕ್ರೀಟು ಕಾಣುತ್ತದೆ, ಕಾಗದ ಕಾಣುವುದಿಲ್ಲ. ಅಧ್ಯಯನಕ್ಕೆ ಶಂಕುಸ್ಥಾಪನೆ ಇಲ್ಲ, ರಿಬ್ಬನ್ ಇಲ್ಲ. ಅದು ಬಂಡವಾಳ ವೆಚ್ಚವೋ ಕಂದಾಯ ವೆಚ್ಚವೋ ಎಂದು ಲೆಕ್ಕಪತ್ರದವರು ತಿಂಗಳುಗಟ್ಟಲೆ ಎಳೆದಾಡುವುದೂ ಉಂಟು. ಇದಕ್ಕೆ ಹಳೆಯ, ಗಟ್ಟಿ ಉಪಾಯವೆಂದರೆ ಕಾಮಗಾರಿಯ ಹಣದಲ್ಲೇ ಒಂದು ಸಣ್ಣ ಪಾಲನ್ನು ಸರ್ವೆ-ಯೋಜನೆಗೆ ಕಟ್ಟಿಡುವುದು. ಅಮೆರಿಕದಲ್ಲಿ 1934ರ ಹೇಡನ್-ಕಾರ್ಟ್‌ರೈಟ್ ಕಾಯ್ದೆ ಹೆದ್ದಾರಿ ಅನುದಾನದ ಶೇ. 1.5ರವರೆಗೆ ಹೀಗೆ ಬಳಸಲು ಅವಕಾಶ ಕೊಟ್ಟಿತು. 1962ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳಲ್ಲಿ ಎಡೆಬಿಡದ, ಸಮಗ್ರ, ಎಲ್ಲರೂ ಕೂಡಿ ನಡೆಸುವ ಸಾರಿಗೆ ಯೋಜನೆ ಇಲ್ಲದಿದ್ದರೆ ಹೆದ್ದಾರಿ ಹಣವಿಲ್ಲ ಎಂದರು. ಅಲ್ಲಿನ ಊರುಗಳು ಅಧ್ಯಯನ ಮಾಡಿಸತೊಡಗಿದ್ದರಲ್ಲಿ ಜ್ಞಾನದಾಹಕ್ಕಿಂತ ಈ ಷರತ್ತಿನ ಪಾಲು ದೊಡ್ಡದು ಎಂದೇ ನನ್ನ ಅನಿಸಿಕೆ.

ಉಳಿದ ದಾರಿಗಳು: ಮೇಲಿನ ಸರ್ಕಾರದ ಅನುದಾನ, ಸಾಮಾನ್ಯವಾಗಿ ನಿಮ್ಮ ಪಾಲೂ ಇರಬೇಕೆಂಬ ಷರತ್ತಿನೊಂದಿಗೆ, ಅಭಿವೃದ್ಧಿ ಬ್ಯಾಂಕುಗಳ ತಾಂತ್ರಿಕ ನೆರವು, ಪಾರ್ಕಿಂಗ್ ಆದಾಯ, ಬಸ್ ಸಂಸ್ಥೆ, ರಸ್ತೆ ಇಲಾಖೆ, ಯೋಜನಾ ಪ್ರಾಧಿಕಾರಗಳು ಪಾಲು ಹಾಕಿಕೊಳ್ಳುವುದು. ಪಾಲು ಹಾಕಿಕೊಂಡವರಿಗೆ ಡೇಟಾ ಸಿಗುತ್ತದೆ ಎಂದು ಮೊದಲೇ ಬರೆದುಕೊಡಿ, ಕೈ ಬೇಗ ಜೇಬಿಗೆ ಹೋಗುತ್ತದೆ. ದೊಡ್ಡ ಕಟ್ಟಡ ಕಟ್ಟುವವರಿಂದಲೂ ಹಣ ಪಡೆಯಬಹುದು, ಆದರೆ ಒಂದು ಸಾಮಾನ್ಯ ನಿಧಿಗೆ, ಶುಲ್ಕದ ರೂಪದಲ್ಲಿ. ಕಟ್ಟುವವನೇ ನೇರವಾಗಿ ಕನ್ಸಲ್ಟೆಂಟ್‌ಗೆ ಹಣ ಕೊಟ್ಟರೆ ಅವನ ಗೇಟಿನ ಮುಂದೆ ದಟ್ಟಣೆ ಎಂದೂ ಕಾಣಿಸುವುದಿಲ್ಲ.

ಬ್ಯಾಂಕೋ ಸರ್ಕಾರವೋ, ಯಾರದೇ ಹಣವಾದರೂ ಒಂದು ಎಚ್ಚರ. ಮೇಲ್ಸೇತುವೆ ಯೋಜನೆಯ ತಲೆಬರಹದಡಿ ಬಂದ ಹಣದಲ್ಲಿ ಅಧ್ಯಯನ ಮಾಡಿಸಿದರೆ ಅದು ಮೇಲ್ಸೇತುವೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಆಗ ಆ ಮೊದಲ ಹಾಳೆಯನ್ನು ಎದುರಿಗಿಟ್ಟುಕೊಳ್ಳಿ.

ಸಿಕ್ಕ ಹಣ ಸಾಲದಿದ್ದರೆ ಏನನ್ನು ಬಿಡಬಹುದು?

ಮಾಡೆಲ್‌ನ ಅಲಂಕಾರವನ್ನು ಬಿಡಿ. ಇಡೀ ಊರಿಗೆ ಪ್ರತಿ ಗಾಡಿ ಓಡಾಡುವ ತ್ರೀಡಿ ಸಿಮ್ಯುಲೇಶನ್ ಬೇಡ. ಮೂರ್ನಾಲ್ಕು ಕಗ್ಗಂಟಿನ ಜಂಕ್ಷನ್‌ಗಳಿಗೆ ಮಾತ್ರ ಸಾಕು. ವಲಯಗಳನ್ನು ಕಡಿಮೆ ಮಾಡಿ. ಹಂತ ಹಂತವಾಗಿ ಮಾಡಿ: ಮೊದಲ ವರ್ಷ ಎಣಿಕೆ ಮತ್ತು ಸಿಗ್ನಲ್, ಎರಡನೆಯ ವರ್ಷ ಓ-ಡಿ ಮತ್ತು ಮಾಡೆಲ್. ಎಣಿಕೆಯ ಗುಣಮಟ್ಟವನ್ನು ಮಾತ್ರ ಮುಟ್ಟಬೇಡಿ.

ಕಡಿಮೆ ದರ ಹೇಳಿದವರಿಗೇ ಕೆಲಸ ಕೊಡಬೇಕಾ?

ನಿಯಮ ಬಿಟ್ಟುಕೊಟ್ಟರೆ, ಬೇಡ. ಗುಣಮಟ್ಟಕ್ಕೂ ದರಕ್ಕೂ ಬೇರೆ ಬೇರೆ ಅಂಕ ಕೊಟ್ಟು ಕೂಡುವ ಪದ್ಧತಿ ಇದೆ, ಅದನ್ನು ಹಿಡಿಯಿರಿ. ಸರ್ವೆಯಲ್ಲಿ ದರ ಇಳಿಸುವ ಜಾಗ ಒಂದೇ: ಬಿಸಿಲಲ್ಲಿ ಕೂತ ಆ ಹುಡುಗನ ಪಾಳಿ. ಬಿಲ್ಲನ್ನು ಹಂತಗಳಿಗೆ ಕಟ್ಟಿ: ಕಚ್ಚಾ ಡೇಟಾ ಕೈಸೇರಿದಾಗ ಇಷ್ಟು, ಮಾಡೆಲ್ ಪರೀಕ್ಷೆ ಪಾಸಾದಾಗ ಇಷ್ಟು. ವರದಿಯ ಪುಟಗಳ ಲೆಕ್ಕದಲ್ಲಿ ಮಾತ್ರ ಕಟ್ಟಬೇಡಿ.

ಜನರನ್ನು ಯಾವಾಗ ಕೇಳಬೇಕು?

ಎರಡು ಸಲ. ಎಣಿಕೆಗೆ ಮುಂಚೆ ಒಮ್ಮೆ, ಪರ್ಯಾಯಗಳು ಇನ್ನೂ ಕರಡಿನಲ್ಲಿರುವಾಗ ಒಮ್ಮೆ. ಮೊದಲ ಸಲದ ಲಾಭ ದೊಡ್ಡದು. ಬಸ್ ಡ್ರೈವರುಗಳು, ಆಂಬುಲೆನ್ಸ್ ಓಡಿಸುವವರು, ಸಾಮಾನು ಇಳಿಸುವ ಹಮಾಲರು ಯಾವ ತಿರುವಿನಲ್ಲಿ ಯಾವ ಹೊತ್ತು ಏನಾಗುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಕೊನೆಯಲ್ಲಿ ಮಾತ್ರ ಕರೆದರೆ ಬರುವವರು ಸಿಟ್ಟು ತುಂಬಿಕೊಂಡೇ ಬರುತ್ತಾರೆ, ಅದು ಸಹಜ ಕೂಡ.

ರಸ್ತೆ ಅಗಲ ಮಾಡಿ, ಹೊಸ ಕೊಂಡಿ ಹಾಕಿ ಎಂದೇ ವರದಿ ಬಂದರೆ?

ಬರಬಹುದು, ಸರಿಯೂ ಇರಬಹುದು. ಆದರೆ ಪ್ರಶ್ನೆ ಕೇಳಿ. ಡೀಟ್ರಿಚ್ ಬ್ರೇಸ್ ಎಂಬ ಜರ್ಮನ್ ಗಣಿತಜ್ಞ 1968ರಲ್ಲಿ ಒಂದು ಪುಟ್ಟ ಜಾಲವನ್ನು ಲೆಕ್ಕ ಹಾಕಿ ತೋರಿಸಿದ: ಆರು ಗಾಡಿ, ಎರಡು ದಾರಿ, ಪ್ರತಿಯೊಬ್ಬರಿಗೂ 83 ಮಾನ ಹೊತ್ತು. ನಡುವೆ ಒಂದು ಹೊಸ ಕೊಂಡಿ ಹಾಕಿದ ಮೇಲೆ ಕೆಲವರು ಅದರ ಆಸೆಗೆ ಬಿದ್ದು, ಪ್ರತಿಯೊಬ್ಬರಿಗೂ 92. ರಸ್ತೆ ಹೆಚ್ಚಾಯಿತು, ಹೊತ್ತೂ ಹೆಚ್ಚಾಯಿತು. ಪ್ರತಿ ಹೊಸ ರಸ್ತೆಯೂ ಹೀಗೆ ಎಂದಲ್ಲ. ನಿಮ್ಮ ಕೊಂಡಿ ಹಾಗಿಲ್ಲ ಎಂದು ಮಾಡೆಲ್ ತೋರಿಸಿಕೊಡಲಿ ಎಂದಷ್ಟೇ.

ಹೊಸ ರಸ್ತೆಯೇ ಇಲ್ಲದೆ ಹರಿವನ್ನು ಮರುಜೋಡಿಸಿದ ಊರುಗಳಿವೆ. ನೆದರ್ಲೆಂಡ್ಸಿನ ಖ್ರೋನಿಂಗೆನ್ 1977ರಲ್ಲಿ ನಡುಪೇಟೆಯನ್ನು ನಾಲ್ಕು ಭಾಗ ಮಾಡಿ, ಕಾರಿನಲ್ಲಿ ಒಂದರಿಂದ ಇನ್ನೊಂದಕ್ಕೆ ನೇರ ಹೋಗದಂತೆ ಮಾಡಿತು. ಸುತ್ತುರಸ್ತೆಗೆ ಹೋಗಿ ಬರಬೇಕು. ಬೆಲ್ಜಿಯಂನ ಗೆಂಟ್ 2017ರ ಏಪ್ರಿಲ್‌ನಲ್ಲಿ ಇದೇ ತತ್ವ ಹಿಡಿದು, ಕಾಲ್ನಡಿಗೆ ಪ್ರದೇಶದ ಸುತ್ತ ಆರು ವಲಯ ಮಾಡಿತು. ಇಲ್ಲೆಲ್ಲ ಹೆಚ್ಚು ಬೇಕಾದದ್ದು ಡಾಂಬರಲ್ಲ. ಬೋರ್ಡು, ಹೂಕುಂಡ, ತಡೆಗಂಬ, ಕ್ಯಾಮೆರಾ, ಮತ್ತು ಮೊದಲ ವಾರಗಳ ಬೈಗುಳ ತಡೆಯುವ ಗಟ್ಟಿತನ.

ವರದಿ ಬಂದ ಮೇಲೆ ಹಣದ ಕೆಲಸ ಮುಗಿಯಿತೇ?

ಇಲ್ಲ. ಬಜೆಟ್ಟಿನಲ್ಲಿ ಮೊದಲ ದಿನವೇ ಎರಡು ಬಾಬತ್ತು ಬರೆದಿಡಿ. ಒಂದು, ಅಗ್ಗದ ಶಿಫಾರಸುಗಳನ್ನು ತಕ್ಷಣ ಪ್ರಯೋಗ ಮಾಡಿ ನೋಡಲು: ಕೋನು, ಬಣ್ಣ, ತಾತ್ಕಾಲಿಕ ಬೋರ್ಡು. ಇನ್ನೊಂದು, ಬದಲಾವಣೆ ಆದ ಮೇಲಿನ ಎಣಿಕೆಗೆ. ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ದಟ್ಟಣೆ ಶುಲ್ಕವನ್ನು ಪ್ರಯೋಗಕ್ಕೆಂದು ಹಾಕಿ, ಮೊದಲೂ ಆಮೇಲೂ ಎಣಿಸಿತು. ಶುಲ್ಕ ವಲಯದ ಗಡಿ ದಾಟುವ ಗಾಡಿಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ಆ ಸೆಪ್ಟೆಂಬರಿನಲ್ಲಿ ಜನ ಮತ ಹಾಕುವ ಹೊತ್ತಿಗೆ ಅವರ ಮುಂದೆ ಮಾಡೆಲ್‌ನ ಊಹೆಯ ಜೊತೆಗೆ ತಮ್ಮದೇ ಬೀದಿಯ ಅಂಕಿಯೂ ಇತ್ತು. ಮರುವರ್ಷ ಶುಲ್ಕ ಕಾಯಂ ಆಯಿತು.

ಆ ಎರಡನೆಯ ಎಣಿಕೆಯನ್ನು ಮೂಲ ಒಪ್ಪಂದದಲ್ಲೇ ಸೇರಿಸಿ, ಕೊನೆಯ ಕಂತನ್ನು ಅದಕ್ಕೇ ಕಟ್ಟಿ. ಅದೇ ತಿಂಗಳು, ವಾರದ ಅದೇ ದಿನ, ಅದೇ ಕಂಬದ ಪಕ್ಕ. ಕಂಬದ ಫೋಟೋ ತೆಗೆದು ಫೈಲಿನಲ್ಲಿಟ್ಟುಕೊಂಡಿರಿ, ಎರಡು ವರ್ಷದ ನಂತರ ಯಾವ ಕಂಬ ಎಂದು ಯಾರಿಗೂ ನೆನಪಿರುವುದಿಲ್ಲ.